ಅಪ್ಪಯ್ಯನ ಮನೆಯೊಳಗೆ ಕ್ಯಾಮೆರಾ ಹಾಕಿಸಬೇಕೆಂದು ಅಣ್ಣನ ಒತ್ತಾಯ: ಈ ಮಾತನ್ನು ಅವರ ಮುಂದೆ ಹೇಗೆ ಎತ್ತಲಿ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಅಪ್ಪಯ್ಯ, ಅಮ್ಮ ಇಬ್ಬರೇ ಇದ್ದಾರೆ. ಅಪ್ಪಯ್ಯನಿಗೆ 79 ವರ್ಷ, ಅಮ್ಮನಿಗೆ 73. ಮೂರು ಎಕರೆ ಅಡಿಕೆ ತೋಟ, ಎರಡು ಹಸು. ನಾನು ಬೆಂಗಳೂರಿನಲ್ಲಿದ್ದೇನೆ, ಅಣ್ಣ ನ್ಯೂಜೆರ್ಸಿಯಲ್ಲಿ. ಈ ಮಳೆಗಾಲದಲ್ಲಿ ತೋಟದ ದಾರಿಯ ಕಾಲುಸಂಕದ (ಕಿರುಸೇತುವೆಯ) ಮೇಲೆ ಅಪ್ಪಯ್ಯ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಮೊಣಕೈ ಊದಿಕೊಂಡಿತ್ತು. ವಿಷಯ ನಮಗೆ ತಿಳಿದದ್ದು ಪಕ್ಕದ ಮನೆಯವರಿಂದ, ಅದೂ ಊತ ಇಳಿದ ಮೇಲೆ. ಅಮ್ಮನನ್ನು ಕೇಳಿದರೆ, 'ಮಕ್ಕಳಿಗೆ ಹೇಳಬೇಡ ಎಂದು ಅವರೇ ಹೇಳಿದ್ದರು' ಎಂದರು.

ಅಂದಿನಿಂದ ಅಣ್ಣ ಪಟ್ಟು ಹಿಡಿದಿದ್ದಾನೆ. ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡಬೇಕು. ಮೊಪೆಡ್ ಮಾರಬೇಕು. ಜಗಲಿ, ನಡುಮನೆ, ಅಡುಗೆಮನೆಯಲ್ಲಿ ಕ್ಯಾಮೆರಾ ಹಾಕಿಸಬೇಕು. ಕ್ಯಾಮೆರಾಗಳನ್ನು ತರಿಸಿ ನನ್ನ ಮನೆಗೆ ಕಳುಹಿಸಿದ್ದೂ ಆಗಿದೆ. ದೀಪಾವಳಿಗೆ ಊರಿಗೆ ಹೋದಾಗ ನಾನು ಅವನ್ನು ಗೋಡೆಗೆ ಹಾಕಿಸಿ ಬರಬೇಕು ಎನ್ನುವುದು ಅವನ ಲೆಕ್ಕ. ಕಳೆದ ವಾರ ಫೋನಿನಲ್ಲಿ ಮಾತು ಎತ್ತಿದ. 'ನಾನು ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ದೋಸೆ ತಿಂದೆ ಎನ್ನುವುದು ನ್ಯೂಜೆರ್ಸಿಗೆ ಯಾಕೆ ಗೊತ್ತಾಗಬೇಕು?' ಎಂದು ಕೇಳಿದ ಅಪ್ಪಯ್ಯ, ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋದರು.

ಅಣ್ಣನ ಭಯ ಸುಳ್ಳಲ್ಲ, ಅಪ್ಪಯ್ಯನ ಸಿಟ್ಟೂ ಸುಳ್ಳಲ್ಲ. 'ನೀನು ಹೇಳಿದರೆ ಕೇಳುತ್ತಾರೆ' ಎಂದು ಅಣ್ಣ ನನ್ನನ್ನು ಮುಂದೆ ಮಾಡುತ್ತಿದ್ದಾನೆ. ಅಪ್ಪಯ್ಯನ ಮರ್ಯಾದೆಗೆ ಕುಂದು ಬಾರದಂತೆ ಈ ಮಾತು ಆಡುವುದು ಹೇಗೆ? ಇದನ್ನು ದಾಟಿ ಬಂದವರು ಬರೆಯಿರಿ.

ಕೆಂಗೇರಿ ನಿವಾಸಿ

ಹಾಕಿಸಿಬಿಡಿ. ಸ್ವಲ್ಪ ದಿನ ಗೊಣಗುತ್ತಾರೆ, ಆಮೇಲೆ ಅಭ್ಯಾಸವಾಗುತ್ತದೆ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಊರವರು ಕೇಳುವುದು ಮಕ್ಕಳನ್ನೇ.

ನಿವೃತ್ತ ಮೇಷ್ಟ್ರು, ಧಾರವಾಡ

ತಂಗಿ, ನನಗೆ 77. ಈ ಚರ್ಚೆಯಲ್ಲಿ ನಾನು ನಿಮ್ಮ ತಂದೆಯ ಪಕ್ಕದಲ್ಲಿ ಕುಳಿತವನು ಎಂದು ತಿಳಿದು ಓದಿ. ಮೇಲೆ 'ಅಭ್ಯಾಸವಾಗುತ್ತದೆ' ಎಂದಿದ್ದಾರೆ. ಅಭ್ಯಾಸವಾಗುವುದಿಲ್ಲ, ನಾವು ಸುಮ್ಮನಾಗುತ್ತೇವೆ. ಮಕ್ಕಳು ಅದನ್ನೇ ಒಪ್ಪಿಗೆ ಎಂದುಕೊಳ್ಳುತ್ತಾರೆ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಪ್ರತಿ ನವೆಂಬರ್‌ನಲ್ಲಿ ಪಿಂಚಣಿದಾರರು ಬದುಕಿದ್ದೇವೆಂದು ಜೀವನ ಪ್ರಮಾಣಪತ್ರ ಕೊಡಬೇಕು. ಕೇಂದ್ರ ಸರ್ಕಾರ 2014ರಲ್ಲಿ ಇದನ್ನು ಡಿಜಿಟಲ್ ರೂಪಕ್ಕೆ ತಂದಿತು. ಈಗಂತೂ ಮೊಬೈಲಿಗೆ ಮುಖ ತೋರಿಸಿದರೆ ಮನೆಯಲ್ಲೇ ಕೆಲಸ ಮುಗಿಯುತ್ತದೆ. ಪುಣೆಯಲ್ಲಿರುವ ಮಗ ರಜೆಗೆ ಬಂದಾಗ ಅದನ್ನು ಮೊಬೈಲಿಗೆ ಹಾಕಿ, 'ಅಪ್ಪಾ, ಇನ್ನು ಬ್ಯಾಂಕಿಗೆ ಅಲೆಯುವುದು ತಪ್ಪಿತು' ಎಂದ. ನನ್ನ ಮುಖದಲ್ಲಿ ಸಂತೋಷ ಕಾಣಲಿಲ್ಲ. ನಾನು ಕೇಂದ್ರೀಯ ವಿದ್ಯಾಲಯದಲ್ಲಿ ಇದ್ದವನು. ವರ್ಷಕ್ಕೊಮ್ಮೆ ಆ ನೆಪದಲ್ಲಿ ಹಳೆಯ ಸಹೋದ್ಯೋಗಿಗಳೆಲ್ಲ ಬ್ಯಾಂಕಿನಲ್ಲಿ ಸಿಗುತ್ತಾರೆ. ಲೈನ್ ಬಜಾರಿಗೆ ಹೋಗಿ ಪೇಢೆ ತಿಂದು, ಚಹಾ ಕುಡಿದು ಮಧ್ಯಾಹ್ನಕ್ಕೆ ಮನೆ ಸೇರುತ್ತೇವೆ. ಈ ವರ್ಷ ಯಾರು ಬಂದಿಲ್ಲ ಎನ್ನುವುದು ತಿಳಿಯುವುದೂ ಅಲ್ಲೇ.

ಮಗ ಜಾಣ. ಮುಖ ನೋಡಿ ಇನ್ನೊಂದು ಪ್ರಶ್ನೆ ಕೇಳಿದ: 'ಹೋಗಿಬರುವುದರಲ್ಲಿ ನಿಮಗೆ ಯಾವುದು ಕಷ್ಟ?' ಕಷ್ಟವಿದ್ದದ್ದು ಬ್ಯಾಂಕಿನ ಮೆಟ್ಟಿಲು, ಬಿಸಿಲಿನಲ್ಲಿ ಆಟೋಗೆ ಕಾಯುವುದು. ಆ ಎರಡಕ್ಕೆ ದಾರಿ ಮಾಡಿದ. ಪರಿಚಯದ ಆಟೋದವರು ಈಗ ನನ್ನನ್ನೂ ಗೆಳೆಯನನ್ನೂ ಮನೆಯಿಂದ ಕರೆದೊಯ್ದು ಮರಳಿ ಬಿಡುತ್ತಾರೆ. ಮೊಬೈಲಿನ ದಾರಿಯೂ ಇದೆ, ಮೊಣಕಾಲು ತೀರ ನೋಯುವ ವರ್ಷಕ್ಕೆ.

ಆದ್ದರಿಂದ ನಿಮ್ಮ ತಂದೆಯ ಹತ್ತಿರ ಚೇಣಿ, ಮೊಪೆಡ್, ಕ್ಯಾಮೆರಾ ಎಂದು ಶುರು ಮಾಡಬೇಡಿ. ತೋಟದ ಕೆಲಸಗಳಲ್ಲಿ ಯಾವುದು ಈಗ ಭಾರವಾಗಿದೆ, ಯಾವುದನ್ನು ಕೊನೆಯವರೆಗೂ ಬಿಡುವುದಿಲ್ಲ ಎಂದು ಕೇಳಿ. ಕೇಳಿದ ಮೇಲೆ ಉತ್ತರಕ್ಕೆ ಕಾಯಿರಿ. ನಮ್ಮ ವಯಸ್ಸಿನವರಿಗೆ ಯೋಚಿಸಿ ಹೇಳಲು ಸಮಯ ಬೇಕಾಗುತ್ತದೆ. ಅಷ್ಟರಲ್ಲಿ ಮಕ್ಕಳು ಮೂರು ಸಲಹೆ ಕೊಟ್ಟು ಮುಗಿಸಿರುತ್ತಾರೆ.

ಶುಶ್ರೂಷಕಿ, ಮಂಗಳೂರು

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಬಿದ್ದವರನ್ನು ದಿನವೂ ವಾರ್ಡಿನಲ್ಲಿ ನೋಡುವವಳಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯುವ ಅಪಾಯ ದೊಡ್ಡದು. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಹುಟ್ಟಿಸಿದ್ದು ಅವರು ಬಿದ್ದದ್ದಲ್ಲ, ಬಿದ್ದದ್ದನ್ನು ಮುಚ್ಚಿಟ್ಟದ್ದು. ಹೇಳಿದರೆ ತೋಟ ಹೋಗುತ್ತದೆ, ಮೊಪೆಡ್ ಹೋಗುತ್ತದೆ ಎಂದು ಗೊತ್ತಿರುವವರು ಯಾಕೆ ಹೇಳುತ್ತಾರೆ? ಮುಂದಿನ ಸಲ ತಲೆಗೆ ಪೆಟ್ಟಾದರೂ ಹೇಳುವುದಿಲ್ಲ. 'ಬಿದ್ದರೆ ನಮಗೆ ತಿಳಿಸಿ, ತಿಳಿಸಿದ್ದಕ್ಕಾಗಿ ನಿಮ್ಮಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ' ಎಂಬ ಮಾತನ್ನು ಅಣ್ಣ, ತಂಗಿ ಇಬ್ಬರೂ ಕೊಡಿ. ಕೊಟ್ಟ ಮೇಲೆ ನಡೆದುಕೊಳ್ಳಿ.

ಆಮೇಲೆ ಬಿದ್ದದ್ದು ಯಾಕೆ ಎಂದು ನೋಡಿ. ಅವರ ಕನ್ನಡಕ ಮೇಲೊಂದು ಕೆಳಗೊಂದು ಎಂದು ಎರಡು ಭಾಗದ್ದೇ? ಓದುವ ಭಾಗದ ಮೂಲಕ ಕಾಲ ಕೆಳಗೆ ನೋಡಿದರೆ ಸಂಕದ ಅಂಚು, ಮೆಟ್ಟಿಲಿನ ಅಂಚು ಮಸುಕಾಗಿ ಕಾಣುತ್ತದೆ. ಹೊರಗೆ ಓಡಾಡಲು ದೂರದೃಷ್ಟಿಯದ್ದೇ ಬೇರೆ ಕನ್ನಡಕ ಮಾಡಿಸಬಹುದು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾರೆಯೇ? ಹಾಗಿದ್ದರೆ ಕುಳಿತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿ.ಪಿ. ನೋಡಿಸಿ. ನಿಂತಾಗ ತೀರ ಇಳಿಯುವುದಾದರೆ ವೈದ್ಯರು ಮಾತ್ರೆಯ ಪ್ರಮಾಣವನ್ನೋ ಹೊತ್ತನ್ನೋ ಬದಲಿಸುತ್ತಾರೆ. ಇಷ್ಟಕ್ಕೆ ಕ್ಯಾಮೆರಾ ಬೇಕಿಲ್ಲ. ಕ್ಯಾಮೆರಾ ಬಿದ್ದದ್ದನ್ನು ತೋರಿಸುತ್ತದೆ, ಬೀಳುವುದನ್ನು ತಪ್ಪಿಸುವುದಿಲ್ಲ.

ವೈದ್ಯರ ಕೋಣೆಯಲ್ಲಿ ಅಪ್ಪಯ್ಯ ವೈದ್ಯರ ಹತ್ತಿರದ ಕುರ್ಚಿಯಲ್ಲಿ ಕುಳಿತುಕೊಳ್ಳಲಿ, ನೀವು ಫೈಲು ಹಿಡಿದು ಹಿಂದಿನ ಕುರ್ಚಿಯಲ್ಲಿ. 'ಇವರಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಇವರು ಹಟಮಾರಿ' ಎಂದು ಅವರ ಎದುರಿಗೇ ಅವರ ಬಗ್ಗೆ ಮಾತನಾಡುವ ಮಕ್ಕಳನ್ನು ನೋಡಿ ನೋಡಿ ಬೇಸತ್ತಿದ್ದೇನೆ. ಅವರು ಹೇಳಲಿ. ಬಿಟ್ಟುಹೋದದ್ದನ್ನು ಕೊನೆಯಲ್ಲಿ, 'ಅಪ್ಪಯ್ಯ, ಇದನ್ನೂ ಹೇಳಬಹುದೇ?' ಎಂದು ಅವರನ್ನೇ ಕೇಳಿ ಹೇಳಿ.

ಸಿಯಾಟಲ್‌ನ ಹುಬ್ಬಳ್ಳಿಯವ

ಎಲ್ಲರೂ ಆ ಅಣ್ಣನನ್ನು ಕಟಕಟೆಯಲ್ಲಿ ನಿಲ್ಲಿಸುತ್ತಿದ್ದೀರಿ. ಅವನ ಜಾಗದಲ್ಲಿ ನಾನಿದ್ದೇನೆ. ನನ್ನ ತಂದೆ ಹುಬ್ಬಳ್ಳಿಯಲ್ಲಿ ಒಬ್ಬರೇ ಇದ್ದಾರೆ, ತಾಯಿ ತೀರಿಕೊಂಡಿದ್ದಾರೆ. ಇಲ್ಲಿ ರಾತ್ರಿಯಾದಾಗ ಅಲ್ಲಿ ಬೆಳಗು. ಅವರು ಎರಡು ಸಲ ಫೋನ್ ಎತ್ತದಿದ್ದರೆ ನನ್ನ ಕೈಕಾಲು ತಣ್ಣಗಾಗುತ್ತದೆ. ಹೊರಟರೂ ಮನೆ ಮುಟ್ಟುವುದಕ್ಕೆ ಒಂದೂವರೆ ದಿನ ಬೇಕು. ಆ ಹೊತ್ತಿನಲ್ಲಿ ಪರದೆಯ ಮೇಲೆ ಅವರು ಕುರ್ಚಿಯಲ್ಲಿ ಕುಳಿತು ಪೇಪರ್ ಓದುವುದು ಕಂಡರೆ ಸಾಕು ಅನಿಸುತ್ತದೆ. ಇದು ಅಧಿಕಾರದ ಹಂಬಲವಲ್ಲ. ದೂರದಲ್ಲಿರುವವನಿಗೆ ಬೇರೆ ಏನೂ ಕೈಗೆ ಸಿಗುವುದಿಲ್ಲ.

ನಿವೃತ್ತ ಮೇಷ್ಟ್ರು, ಧಾರವಾಡ

ನೀವು ಈಗ ಇಲ್ಲಿ ಬರೆದದ್ದನ್ನು, ಇದೇ ಮಾತುಗಳಲ್ಲಿ, ನಿಮ್ಮ ತಂದೆಗೆ ಹೇಳಿದ್ದೀರಾ? 'ನನಗೆ ಭಯವಾಗುತ್ತದೆ' ಎಂದು ಮಗ ಹೇಳಿದರೆ ತಂದೆ ಸಮಾಧಾನ ಮಾಡಲು ಮುಂದಾಗುತ್ತಾನೆ. 'ನಿಮಗೆ ವಯಸ್ಸಾಯಿತು, ಕ್ಯಾಮೆರಾ ಹಾಕಿಸುತ್ತೇನೆ' ಎಂದರೆ ತಿರುಗಿ ಬೀಳುತ್ತಾನೆ. ಭಯ ನಿಮ್ಮದು. ಅದನ್ನು ಅವರ ಕೊರತೆಯೆಂದು ಹೇಳಬೇಡಿ.

ತುಂಗಾತೀರ

ಎಲ್ಲರಿಗೂ ವಂದನೆಗಳು. ಶುಶ್ರೂಷಕಿ ಅವರೇ, ಕನ್ನಡಕ ಎರಡು ಭಾಗದ್ದೇ. ನನಗೆ ಹೊಳೆದೇ ಇರಲಿಲ್ಲ. ಇನ್ನೆರಡು ವಿಷಯ ಸೇರಿಸಬೇಕಿತ್ತು. ಒಂದು, ಫೋನಿನಲ್ಲಿ ಏನು ಹೇಳಿದರೂ ಅಪ್ಪಯ್ಯ 'ಹೂಂ, ಹೂಂ' ಎನ್ನುತ್ತಾರೆ, ಮಾಡುವುದು ಬೇರೆ. ಅಣ್ಣ ಇದನ್ನು ಮೊಂಡುತನ ಎನ್ನುತ್ತಾನೆ. ಇನ್ನೊಂದು, ತೋಟವನ್ನು ಈಗಲೇ ನಮ್ಮಿಬ್ಬರ ಹೆಸರಿಗೆ ಮಾಡಿಸಿಕೊಂಡರೆ ಮುಂದೆ ತೊಂದರೆ ಇರುವುದಿಲ್ಲ ಎಂದೂ ಅಣ್ಣ ಹೇಳುತ್ತಿದ್ದಾನೆ. ನನಗೆ ಆ ಮಾತು ಅಪ್ಪಯ್ಯನ ಮುಂದೆ ಬಾಯಿಗೇ ಬರುವುದಿಲ್ಲ.

ಶ್ರವಣ ತಜ್ಞೆ, ಮೈಸೂರು

'ಹೂಂ, ಹೂಂ' ಎಂಬುದನ್ನು ಮೊಂಡುತನ ಎಂದು ತೀರ್ಮಾನಿಸುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ವಯಸ್ಸಿನಿಂದ ಶ್ರವಣಶಕ್ತಿ ಕುಗ್ಗುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಎತ್ತರದ ಸ್ಥಾಯಿಯ ಸದ್ದುಗಳು. ಸ್ವರಗಳು ಕೇಳುತ್ತವೆ, ಸ, ಶ, ತ, ಪ ಇಂಥ ತೆಳುವಾದ ವ್ಯಂಜನಗಳು ಕರಗಿಹೋಗುತ್ತವೆ. ಆದ್ದರಿಂದ ಮಾತಾಡುತ್ತಿರುವುದು ಕೇಳುತ್ತದೆ, ಏನು ಮಾತಾಡಿದರು ಎನ್ನುವುದು ಸ್ಪಷ್ಟವಾಗುವುದಿಲ್ಲ. ಪದೇಪದೇ 'ಏನು?' ಎಂದು ಕೇಳಲು ಸಂಕೋಚವಾಗಿ ಹೂಂಗುಟ್ಟುತ್ತಾರೆ. ಫೋನಿನಲ್ಲಿ ಇದು ಇನ್ನೂ ಹೆಚ್ಚು.

ಕಿರುಚಬೇಡಿ. ಕಿರುಚಿದರೆ ಸ್ವರಗಳೇ ದೊಡ್ಡದಾಗುತ್ತವೆ, ಜೊತೆಗೆ ನಿಮ್ಮ ಮುಖ ಸಿಟ್ಟಿನ ಮುಖವಾಗುತ್ತದೆ. ಟಿ.ವಿ. ನಿಲ್ಲಿಸಿ, ಎದುರು ಕುಳಿತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನೋಡಿಕೊಂಡು, ಸ್ವಲ್ಪ ತಗ್ಗಿದ ದನಿಯಲ್ಲಿ ನಿಧಾನವಾಗಿ ಹೇಳಿ. ಅರ್ಥವಾಗದಿದ್ದರೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ. ಅಣ್ಣನಿಗೆ ವಿಡಿಯೊ ಕರೆ ಮಾಡಲು ತಿಳಿಸಿ, ತುಟಿಗಳು ಕಂಡರೆ ಅರ್ಧ ಕೆಲಸ ಆಗುತ್ತದೆ. ನಿಮ್ಮ ಕಡೆಯಿಂದ ಮೈಸೂರು ದೂರವೇ, ಆದರೂ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಶ್ರವಣ ಸಾಧನ ಎರಡೂ ಆಗುತ್ತದೆ. ಶಿವಮೊಗ್ಗದಲ್ಲೂ ಕಿವಿ ತಜ್ಞರಿದ್ದಾರೆ. ಒಂದು ಎಚ್ಚರಿಕೆ: ಸಾಧನ ಹಾಕಿದ ದಿನವೇ ಎಲ್ಲ ಸರಿಯಾಗುವುದಿಲ್ಲ. ಮಿಕ್ಸಿ, ಪಾತ್ರೆಗಳ ಸದ್ದು ಮೊದಲ ಕೆಲವು ವಾರ ಕರ್ಕಶವಾಗಿ ಕೇಳುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಅವರು ತೆಗೆದು ಡಬ್ಬಿಯಲ್ಲಿ ಇಟ್ಟುಬಿಡುತ್ತಾರೆ.

ವಕೀಲ, ತುಮಕೂರು

ಹೆಸರಿಗೆ ಮಾಡಿಸಿಕೊಳ್ಳುವ ವಿಷಯ. ದಾನಪತ್ರ ನೋಂದಣಿಯಾದ ಕೂಡಲೇ ಆಸ್ತಿ ಕೈಬಿಡುತ್ತದೆ. ಉಯಿಲು ಬರೆದವರ ಕಾಲಾನಂತರವೇ ಜಾರಿಗೆ ಬರುತ್ತದೆ, ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ತೋಟ ಪಿತ್ರಾರ್ಜಿತವಾದರೆ ಅವರ ಪಾಲಿನ ಮಟ್ಟಿಗೆ ಮಾತ್ರ ಉಯಿಲು. ಅಪ್ಪಯ್ಯ ತೋಟ ನಡೆಸುವ ತನಕ ಪಹಣಿ ಅವರ ಹೆಸರಿನಲ್ಲೇ ಇರಲಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ನ್ಯಾಯಮಂಡಳಿ ರದ್ದುಪಡಿಸಬಹುದು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಯವರೇ ಈ ನ್ಯಾಯಮಂಡಳಿ. ಆ ಷರತ್ತನ್ನು ಪತ್ರದಲ್ಲೇ ಬರೆಸಿರಬೇಕು, ಇಲ್ಲದಿದ್ದರೆ ವಾದ ಬೆಳೆಯುತ್ತದೆ. ನಿಮ್ಮ ಮನೆಗೆ ಇದು ಬೇಕಾಗದಿರಲಿ. ಆದರೆ ಇಲ್ಲಿ ಓದುತ್ತಿರುವ ಹಿರಿಯರಿಗೆ ತಿಳಿದಿರಲಿ ಎಂದು ಬರೆದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567.

ಸಿದ್ಧಗಂಗೆಯ ಅಜ್ಜಿ

ಇಷ್ಟು ಹೊತ್ತು ಓದಿದೆ. ಎಲ್ಲರೂ ಅಪ್ಪಯ್ಯನ ತೋಟ, ಅಪ್ಪಯ್ಯನ ಮೊಪೆಡ್, ಅಪ್ಪಯ್ಯನ ಕಿವಿ ಎನ್ನುತ್ತಿದ್ದೀರಿ. ಆ ಮನೆಯಲ್ಲಿ ಅಮ್ಮನೂ ಇದ್ದಾರಲ್ಲ? ಅಡುಗೆಮನೆಗೆ ಕ್ಯಾಮೆರಾ ಹಾಕುತ್ತೇವೆ ಎಂದರೆ ಅದು ಅವರ ಜಾಗ. ಅವರನ್ನು ಯಾರಾದರೂ ಕೇಳಿದಿರಾ? ಫೋನು ಅಪ್ಪನ ಕೈಯಿಂದ ಅಮ್ಮನ ಕೈಗೆ ಬಂತು ಎಂದು ಬರೆದಿದ್ದೀರಿ, ಅಮ್ಮ ಏನು ಹೇಳಿದರು ಎಂದು ಬರೆದಿಲ್ಲ.

ನನಗೆ 70 ತುಂಬಿದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ನಾನು ಆಧಾರ್ ಕಾರ್ಡು ಹಿಡಿದು ಒಬ್ಬಳೇ ಬಸ್ಸು ಹತ್ತುತ್ತೇನೆ. ತಂಗಿಯ ಮನೆಗೆ ಹೋಗುತ್ತೇನೆ, ದೇವಸ್ಥಾನಕ್ಕೆ ಹೋಗುತ್ತೇನೆ. ಜೀವನವಿಡೀ ಬಸ್ಸಿನ ಖರ್ಚಿಗೂ ಇನ್ನೊಬ್ಬರ ಮುಂದೆ ಕೈ ಚಾಚಿದವಳಿಗೆ ಅದು ಏನೆಂದು ನಿಮಗೆ ಹೇಗೆ ತಿಳಿಸಲಿ! ಮಗ ಪ್ರೀತಿಯಿಂದಲೇ 'ಅಮ್ಮ, ಬಸ್ಸು ಯಾಕೆ, ಟ್ಯಾಕ್ಸಿ ಕಳುಹಿಸುತ್ತೇನೆ' ಎನ್ನುತ್ತಾನೆ. ಟ್ಯಾಕ್ಸಿ ಬಂದರೆ ಅವನು ಹೇಳಿದ ಹೊತ್ತಿಗೆ ಹೊರಡಬೇಕು, ಅವನು ಹೇಳಿದ ಕಡೆಗೆ ಹೋಗಬೇಕು. ಬಸ್ಸಾದರೆ ನನ್ನ ಇಷ್ಟ. ಹೀಗೆ ಹೇಳಿದ ಮೇಲೆ ಅವನು ಕೇಳಿದ್ದು ಒಂದೇ, ಬಸ್ಸು ಹತ್ತಿದ ಮೇಲೆ ಒಂದು ಸಂದೇಶ ಕಳುಹಿಸಬೇಕು. ಅದಕ್ಕೆ ನಾನು ಒಪ್ಪಿದೆ, ಕಳುಹಿಸುತ್ತೇನೆ.

ಮಗಳೇ, ಅಮ್ಮನನ್ನು ಬೇರೆಯಾಗಿ ಕೂರಿಸಿಕೊಂಡು ಮಾತನಾಡಿಸಿ. ಅಪ್ಪಯ್ಯನ ಎದುರಿಗೆ ಅವರು ಹೇಳುವುದಿಲ್ಲ.

ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಸಂಬಂಧಪಟ್ಟ ಇನ್ನೊಂದು ವಿಷಯ. ಪೊಲೀಸರೆಂದು ಹೇಳಿ ಫೋನಿನಲ್ಲೇ ಬೆದರಿಸಿ ಹಣ ಕೀಳುವ 'ಡಿಜಿಟಲ್ ಅರೆಸ್ಟ್' ವಂಚನೆಗೆ ಹೆದರಿ ಹಿರಿಯರ ಮೊಬೈಲು, ಎಟಿಎಂ ಕಾರ್ಡು ಎಲ್ಲವನ್ನೂ ಮಕ್ಕಳು ಕಸಿದುಕೊಳ್ಳುವುದನ್ನು ನೋಡುತ್ತಿದ್ದೇನೆ. ಅದರ ಬದಲು ಯುಪಿಐಗೆ ಕಡಿಮೆ ಹಣವಿರುವ ಬೇರೆ ಖಾತೆಯನ್ನು ಜೋಡಿಸಲು ಹೇಳಿ, ಮಿತಿ ಎಷ್ಟಿರಬೇಕೆಂದು ಅವರೇ ನಿರ್ಧರಿಸಲಿ. ಫೋನಿನಲ್ಲಿ, ವಿಡಿಯೊದಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲ ಎಂಬುದನ್ನು ಹೇಳಿ. ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. 'ನೀವು ಮೋಸ ಹೋಗುತ್ತೀರಿ' ಎಂದು ಶುರು ಮಾಡಿದರೆ ಯಾರೂ ಕೇಳುವುದಿಲ್ಲ. ಓದಿದವರು, ದೊಡ್ಡ ಹುದ್ದೆಯಲ್ಲಿದ್ದವರೂ ಮೋಸ ಹೋಗಿದ್ದಾರೆ ಎನ್ನುವುದು ನಿಜ, ಅದನ್ನೇ ಹೇಳಿ.

ಮಲ್ಲೇಶ್ವರದ ಮಗಳು

ಕ್ಷಮಿಸಿ, ಇಲ್ಲಿನ ಮಾತುಗಳಿಗೆ ಒಂದು ಗಡಿ ಇದೆ ಎಂದು ನೆನಪಿಸಬೇಕು. ನನ್ನ ತಾಯಿಗೆ ಮರೆವಿನ ಕಾಯಿಲೆ, ಡಿಮೆನ್ಷಿಯಾ. ನಿಮ್ಹಾನ್ಸ್‌ನಲ್ಲಿ ತೋರಿಸಿದ್ದೇವೆ. ಅವರ ಇಷ್ಟದಂತೆ ಬಿಡಿ ಎಂದರೆ ಹಾಲು ಒಲೆಯ ಮೇಲಿಟ್ಟು ಹೊರಗೆ ನಡೆದುಬಿಡುತ್ತಾರೆ. ಅಡುಗೆ ಅನಿಲದ ಕವಾಟ ನಾವು ಮುಚ್ಚಿಯೇ ಇಡಬೇಕು, ಗೇಟಿಗೆ ಬೀಗ ಹಾಕಲೇಬೇಕು. ಹಾಗೆಂದು ಎಲ್ಲವನ್ನೂ ನಾವೇ ನಿರ್ಧರಿಸುವುದಿಲ್ಲ. ಎರಡು ಸೀರೆ ಹಿಡಿದು ಯಾವುದು ಎಂದು ಕೇಳುತ್ತೇವೆ, ಅವರು ಬೆರಳು ತೋರಿಸುತ್ತಾರೆ. ಅವರೆಕಾಳು ಸುಲಿಯಲು ಮುಂದಿಟ್ಟರೆ ಹಿಂದಿನ ಚುರುಕಿನಲ್ಲೇ ಸುಲಿಯುತ್ತಾರೆ. ಆದರೆ ಪೂರ್ತಿ ಸ್ವಾತಂತ್ರ್ಯ ಎನ್ನುವ ಮಾತು ಬುದ್ಧಿ ಸ್ಥಿಮಿತದಲ್ಲಿ ಇರುವವರಿಗೆ ಮಾತ್ರ.

ಶುಶ್ರೂಷಕಿ, ಮಂಗಳೂರು

ಹೌದು, ಮಲ್ಲೇಶ್ವರದ ಅಕ್ಕ ಹೇಳಿದ್ದು ಮುಖ್ಯ. ಆದರೆ ಒಂದು ಮಾತು ಸೇರಿಸುತ್ತೇನೆ. ನಿನ್ನೆಯವರೆಗೆ ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಗೊಂದಲಗೊಂಡರೆ, ಹೊತ್ತು ಜಾಗ ತಿಳಿಯದಂತಾದರೆ, 'ಅರವತ್ತಕ್ಕೆ ಅರಳುಮರಳು' ಎಂದು ಸುಮ್ಮನಿರಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಕಡಿಮೆಯಾಗುವುದು, ಹೊಸದಾಗಿ ಕೊಟ್ಟ ಮಾತ್ರೆ ಇವುಗಳಿಂದಲೂ ಹಾಗಾಗುತ್ತದೆ. ತಕ್ಷಣ ತೋರಿಸಿದರೆ ಅನೇಕರು ಮೊದಲಿನಂತಾಗುತ್ತಾರೆ. ನಿಧಾನವಾಗಿ ಮರೆವು ಹೆಚ್ಚುತ್ತಿದ್ದರೂ ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಮಾಡಿಸದೆ ಡಿಮೆನ್ಷಿಯಾ ಎಂದುಕೊಳ್ಳಬೇಡಿ.

ಡ್ರೈವಿಂಗ್ ಶಾಲೆ, ಶಿವಮೊಗ್ಗ

ಮೊಪೆಡ್ ಬಗ್ಗೆ: ಅಪ್ಪಯ್ಯನ ಲೈಸೆನ್ಸ್ ಯಾವಾಗ ಮುಗಿಯುತ್ತದೆ ನೋಡಿ. 55 ದಾಟಿದವರಿಗೆ ಒಮ್ಮೆಗೆ ಐದು ವರ್ಷಕ್ಕೆ ಮಾತ್ರ ನವೀಕರಣ, ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು, ನಮೂನೆ 1ಎ. ಕಣ್ಣು, ಕಿವಿ ಎಲ್ಲ ಅಲ್ಲಿ ನೋಡಬೇಕು. ಬೇಡ ಎನ್ನುವ ಮಾತು ಮಗನ ಬಾಯಿಂದ ಬರುವುದಕ್ಕಿಂತ ವೈದ್ಯರಿಂದ ಬಂದರೆ ಹಿರಿಯರಿಗೆ ಅಷ್ಟು ನೋವಾಗುವುದಿಲ್ಲ. ಎಷ್ಟೋ ಜನ ತಾವಾಗಿಯೇ ಕೀಲಿ ಕೊಟ್ಟದ್ದನ್ನು ನೋಡಿದ್ದೇನೆ.

ತುಂಗಾತೀರ

ದೀಪಾವಳಿ ಮುಗಿಸಿ ಬಂದೆ. ನಡೆದದ್ದನ್ನು ಬರೆಯುತ್ತೇನೆ, ಇಷ್ಟು ಜನ ಸಮಯ ಕೊಟ್ಟಿದ್ದೀರಿ.

ಕ್ಯಾಮೆರಾದ ಪೆಟ್ಟಿಗೆಯನ್ನು ಕಾರಿನಲ್ಲೇ ಬಿಟ್ಟೆ. ಬಂದ ದಿನವೇ ಏನನ್ನೂ ಎತ್ತಲಿಲ್ಲ. ಮರುದಿನ ಅಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಹೋಗಿ ಪಕ್ಕದಲ್ಲಿ ಕುಳಿತೆ. ನಿಮಗೆ ಈಗ ಯಾವುದು ಕಷ್ಟವಾಗುತ್ತಿದೆ ಎಂದು ಕೇಳಿದೆ. ಅಮ್ಮ ಮೊದಲು 'ನನಗೇನು, ಚೆನ್ನಾಗಿಯೇ ಇದ್ದೇನೆ' ಎಂದರು. ನಾನು ಸುಮ್ಮನೆ ಕುಳಿತೆ. ಕೆಚ್ಚಲು ಒರೆಸಿ, ತಂಬಿಗೆ ಬದಿಗಿಟ್ಟು ಹೇಳಿದರು: 'ರಾತ್ರಿ ಹೊರಗಿನ ಬಚ್ಚಲಿಗೆ ಹೋಗುವುದೇ ಭಯ. ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ. ರಾತ್ರಿ ಏಳಬಾರದೆಂದು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ.' ಅಣ್ಣನ ಮೂರು ಬೇಡಿಕೆಗಳಲ್ಲಿ ಈ ಬಚ್ಚಲು ಎಲ್ಲೂ ಇರಲಿಲ್ಲ. ಎರಡು ಹಸುವಿನಲ್ಲಿ ಒಂದನ್ನು ಕೊಟ್ಟುಬಿಟ್ಟರೆ ತನಗೆ ಹಗುರ ಎಂದೂ ಹೇಳಿದರು. ಅಪ್ಪಯ್ಯನಿಗೆ ಬೇಸರವಾಗುತ್ತದೆಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಅಜ್ಜಿ, ನಿಮಗೆ ನನ್ನ ನಮಸ್ಕಾರ.

ಅಪ್ಪಯ್ಯನ ಜೊತೆ ಮಾತಾದದ್ದು ಜಗಲಿಯಲ್ಲಿ. ಟಿ.ವಿ. ಇಲ್ಲದ ಹೊತ್ತು, ಎದುರು ಕುಳಿತು, ನಿಧಾನವಾಗಿ. ತೋಟದ ಯಾವ ಕೆಲಸವನ್ನು ನೀವು ಬಿಡಲು ತಯಾರಿಲ್ಲ ಎಂದು ಕೇಳಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, 'ಬೇಯಿಸುವುದು, ಒಣಗಿಸುವುದು, ಆರಿಸುವುದು. ಅಡಿಕೆಯ ದರ್ಜೆಗಳಲ್ಲಿ ಸರಕು ಯಾವುದು, ಬೆಟ್ಟೆ ಯಾವುದು ಎನ್ನುವುದನ್ನು ಚೇಣಿದಾರ ನನ್ನ ಕಣ್ಣಿನಿಂದ ನೋಡುತ್ತಾನೆಯೇ?' ಎಂದರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವಾಗ ಮಳೆಯ ನಡುವೆ ತೋಟದಲ್ಲಿ ನಿಲ್ಲುವುದು, ಅಡಿಕೆ ಗೊನೆ ಹೊರಿಸುವುದು ಈಗ ಆಗುವುದಿಲ್ಲ ಎಂದು ಅವರೇ ಹೇಳಿದರು. ಪಕ್ಕದ ತೋಟದ ಹುಡುಗನಿಗೆ ಆ ಎರಡನ್ನು ಒಪ್ಪಿಸುವುದೆಂದಾಯಿತು. ಕೂಲಿ ಮಾತಾಡುವುದು ಅಪ್ಪಯ್ಯನೇ. ಚೇಣಿಯ ಮಾತು ಅಲ್ಲಿಗೆ ನಿಂತಿತು.

ಕ್ಯಾಮೆರಾದ ವಿಷಯವನ್ನು ಮುಚ್ಚಿಡಲಿಲ್ಲ. ಕಾರಿನಲ್ಲಿದೆ, ನೀವು ಬೇಡ ಎಂದರೆ ಹೊರಗೆ ತೆಗೆಯುವುದಿಲ್ಲ ಎಂದೆ. ಅವರು ಯೋಚಿಸಿ, ಒಣಗಿಸುವ ಅಂಗಳಕ್ಕೆ ಒಂದು ಹಾಕಿಸು ಎಂದರು. ಅಡಿಕೆ ಕಳವು ನಮ್ಮ ಕಡೆ ಇದ್ದದ್ದೇ. ಅದರ ಚಿತ್ರ ಅವರ ಮೊಬೈಲಿಗೆ ಬರಬೇಕು, ಅಣ್ಣನಿಗೂ ತೋರಿಸಬೇಕೇ ಬೇಡವೇ ಎನ್ನುವುದು ಅವರ ಇಷ್ಟ. ಮನೆಯೊಳಗೆ ಮಾತ್ರ ಬೇಡವೇ ಬೇಡ. ಉಳಿದ ಎರಡನ್ನು ಅಣ್ಣ ಹಿಂದಿರುಗಿಸುತ್ತಿದ್ದಾನೆ.

ಹಾಗಾದರೆ ದಿನವೂ ಕ್ಷೇಮವಾಗಿದ್ದೀರಿ ಎಂದು ಅಣ್ಣನಿಗೆ ತಿಳಿಯುವುದು ಹೇಗೆ ಎಂದು ಕೇಳಿದ್ದಕ್ಕೆ ಅಪ್ಪಯ್ಯನೇ ದಾರಿ ಹೇಳಿದರು. 'ದಿನಾ ಬೆಳಿಗ್ಗೆ ಹಾಲಿನ ಸೊಸೈಟಿಗೆ ಹಾಲು ಹಾಕುತ್ತೇನೆ. ನಾನು ಹೋಗದ ದಿನ ಅಲ್ಲಿನವರೇ ಯಾಕೆಂದು ಕೇಳುತ್ತಾರೆ. ನಿನ್ನ ನಂಬರು ಅವರಿಗೆ ಕೊಟ್ಟು ಬಾ.' ಕೊಟ್ಟು ಬಂದೆ. ಹಾಲು ಬರದ ದಿನ ಅವರು ನನಗೆ ಫೋನ್ ಮಾಡುತ್ತಾರೆ. ಈ ಕಾರಣಕ್ಕಾಗಿಯೇ ಒಂದು ಹಸು ಉಳಿಯಬೇಕು ಎಂದು ಅಮ್ಮನೂ ಒಪ್ಪಿದರು.

ಬಚ್ಚಲನ್ನು ಮನೆಯೊಳಗೆ, ಮಲಗುವ ಕೋಣೆಗೆ ಹೊಂದಿಕೊಂಡಂತೆ ಕಟ್ಟಿಸುವುದಕ್ಕೆ ಮೇಸ್ತ್ರಿ ಬಂದು ಅಳತೆ ಮಾಡಿಕೊಂಡು ಹೋಗಿದ್ದಾರೆ. ಖರ್ಚು ಅಣ್ಣನದು, ಜಾಗ ತೋರಿಸಿದ್ದು ಅಮ್ಮ. ಮೊಪೆಡ್ ವಿಷಯ ಪೂರ್ತಿ ಬಗೆಹರಿದಿಲ್ಲ. ಕಣ್ಣಿನ ಪರೀಕ್ಷೆಗೆ ಒಪ್ಪಿದ್ದಾರೆ, ಅಲ್ಲಿಯವರೆಗೆ ಹಗಲು ಹೊತ್ತು ಊರೊಳಗಿನ ರಸ್ತೆ ಮಾತ್ರ. ಕಿವಿಯ ಮಾತಿಗೆ ಸಿಟ್ಟು ಮಾಡಿಕೊಂಡರು. ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಶುಶ್ರೂಷಕಿ, ಮಂಗಳೂರು

ಬಹಳ ಸಂತೋಷವಾಯಿತು. ಬಚ್ಚಲಿನಲ್ಲಿ ಕೈಹಿಡಿಕೆಯನ್ನು ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು ಹಾಕಿಸಿ. ಟವೆಲ್ ನೇತುಹಾಕುವ ಸರಳು ಮೈಭಾರ ತಡೆಯುವುದಿಲ್ಲ, ಗೋಡೆಗೆ ಗಟ್ಟಿಯಾಗಿ ಕೂರಿಸುವ ಉಕ್ಕಿನದ್ದೇ ಬೇಕು. ಎತ್ತರವನ್ನು ಮೇಸ್ತ್ರಿ ನಿರ್ಧರಿಸುವುದು ಬೇಡ. ಅಮ್ಮನನ್ನು ಕುಳ್ಳಿರಿಸಿ, ಏಳುವಾಗ ಅವರ ಕೈ ಎಲ್ಲಿ ಹೋಗುತ್ತದೆ ಎಂದು ನೋಡಿ ಗುರುತು ಹಾಕಿಸಿ. ನೆಲಕ್ಕೆ ಒರಟು ಟೈಲ್ಸ್, ಬಾಗಿಲಿಗೆ ಹೊಸ್ತಿಲು ಬೇಡ, ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ದೂಡಲು ಆಗುವುದಿಲ್ಲ.

ಸಿಯಾಟಲ್‌ನ ಹುಬ್ಬಳ್ಳಿಯವ

ಓದಿ ಮನಸ್ಸು ತುಂಬಿ ಬಂತು. ಮೇಷ್ಟ್ರೇ, ನಿಮಗೆ ಒಂದು ಪ್ರಶ್ನೆ. ನೀವು ಹೇಳಿದಂತೆ ನನ್ನ ಭಯವನ್ನು ತಂದೆಗೆ ಹೇಳಿದೆ. ಅವರು ಬಹಳ ಮೃದುವಾದರು. ಆದರೆ ಪ್ರತಿದಿನ ಏನು ಮಾತನಾಡುವುದು? ಊಟ ಆಯಿತಾ, ಮಾತ್ರೆ ತೆಗೆದುಕೊಂಡಿರಾ, ಬಿ.ಪಿ. ಎಷ್ಟಿದೆ ಎಂದು ಕೇಳಿ ಮುಗಿದ ಮೇಲೆ ಇಬ್ಬರಿಗೂ ಮಾತಿಲ್ಲ.

ನಿವೃತ್ತ ಮೇಷ್ಟ್ರು, ಧಾರವಾಡ

ಅವರನ್ನು ವಿಚಾರಿಸಿಕೊಳ್ಳುವುದನ್ನು ಸ್ವಲ್ಪ ಕಡಿಮೆ ಮಾಡಿ, ಅವರ ಸಲಹೆ ಕೇಳುವುದನ್ನು ಹೆಚ್ಚು ಮಾಡಿ. ಕಚೇರಿಯಲ್ಲಿ ತೊಂದರೆ ಇದ್ದರೆ ಹೇಳಿ. ಮಕ್ಕಳ ಓದಿನ ಚಿಂತೆ ಇದ್ದರೆ ಹೇಳಿ. ನಾವು ಕೇಳಿ ಕಂಗೆಡುತ್ತೇವೆ ಎಂದು ಮುಚ್ಚಿಡುತ್ತೀರಿ, ನಮಗೆ ಅದು ತಿಳಿಯುತ್ತದೆ. ನಿಮ್ಮ ಕಷ್ಟದಲ್ಲಿ ಯೋಚಿಸಲು ನಮಗೂ ಒಂದಿಷ್ಟು ಪಾಲು ಕೊಡಿ. ಅವರು ಮಾಡುತ್ತಿದ್ದ ಕೆಲಸ ಯಾವುದೋ ಗೊತ್ತಿಲ್ಲ, ಆ ಕೆಲಸದ ಬಗ್ಗೆ ಮಗ ಯಾವತ್ತೂ ಕೇಳಿರದ ಪ್ರಶ್ನೆ ಒಂದಾದರೂ ಇರುತ್ತದೆ.

ಹುಬ್ಬಳ್ಳಿ ನನಗೆ ಅರ್ಧ ಗಂಟೆಯ ದಾರಿ. ತಿಂಗಳಿಗೊಮ್ಮೆ ಹೋಗಿ ಅವರ ಜೊತೆ ಚಹಾ ಕುಡಿದು ಬರಲು ನನಗೆ ಇಷ್ಟವೇ. ಆದರೆ ಮೊದಲು ಅವರನ್ನು ಕೇಳಿ. ಮಗ ಕಾವಲಿಗೆ ಒಬ್ಬನನ್ನು ಕಳುಹಿಸಿದ ಎಂದು ಅವರಿಗೆ ಅನಿಸಬಾರದು. ಅವರೇ ಬರಲಿ ಎಂದರೆ ನನ್ನ ಫೋನ್ ನಂಬರನ್ನು ನಿಮಗೆ ಖಾಸಗಿ ಸಂದೇಶದಲ್ಲಿ ಕಳುಹಿಸುತ್ತೇನೆ.